ಪಾಠ ಟಿಪ್ಪಣಿ ತಿಂದ ನನ್ನ ಸಂಜೆಗಳು

ಸಹೋದರಿಯರೇ, ನಿಮ್ಮ ಮನೆಯಲ್ಲೂ ಒಬ್ಬ ಟೀಚರ್ ಇರಬಹುದು. ಒಲೆಯ ಮೇಲೆ ಕುಕ್ಕರ್ ಕೂಗುತ್ತಿದ್ದರೂ ಚಾಪೆಯ ಮೇಲೆ ಪುಸ್ತಕ ಹರಡಿಕೊಂಡು ನಾಳೆಯ ಪಾಠ ಬರೆಯುತ್ತಾ ಕೂತವಳು. ಬಾಗಳಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೊದಲ ವರ್ಷಗಳಲ್ಲಿ ಅವಳು ನಾನೇ ಆಗಿದ್ದೆ.

ಬಾಗಳಿ ಎಂದರೆ ಕಲ್ಲೇಶ್ವರ ಗುಡಿಯ ಕಂಬಗಳನ್ನು ನೋಡಲು ದೂರದಿಂದ ಜನ ಬರುವ ಊರು. ಹರಪನಹಳ್ಳಿಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ತಾಲೂಕು ಆಗ ದಾವಣಗೆರೆ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. 2007ರಲ್ಲಿ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತು. ಅದಕ್ಕೂ ಮೊದಲು ಐದನೇ ತರಗತಿಯಿಂದ ಇತ್ತು. ನಾನೂ ಐದನೇ ತರಗತಿಯಲ್ಲಿ ಎಬಿಸಿಡಿ ಕಲಿತವಳೇ. ಆ ಅಳುಕಿಗೆ, ಪ್ರತಿ ಪೀರಿಯಡ್‌ಗೂ ಗೈಡ್ ನೋಡಿ ಒಂದು ಪುಟ ಬರೆಯುತ್ತಿದ್ದೆ. ಉದ್ದೇಶ, ಚಟುವಟಿಕೆ, ಮೌಲ್ಯಮಾಪನ, ಎಲ್ಲವೂ. ಮೂರು ತರಗತಿ, ಮೂರು ಪುಟ, ಎರಡು ಗಂಟೆ. ಮರುದಿನ ಮಕ್ಕಳು ಆ ಪುಟದ ದಾರಿಯಲ್ಲಿ ನಡೆಯುತ್ತಲೇ ಇರಲಿಲ್ಲ!

ಒಂದು ದಿನ ಮಗ್ರಿಬ್ ಕಳೆದು ಬರೆಯುತ್ತಾ ಕೂತಿದ್ದೆ. ನನ್ನ ಮಗಳು ತನ್ನ ಪುಸ್ತಕ ಹಿಡಿದು ಬಂದು, "ಅಮ್ಮೀ, ನೀನು ಬಾಗಳಿ ಮಕ್ಕಳ ಟೀಚರ್. ನನಗ್ಯಾರು?" ಎಂದಳು. ಇನ್ನೊಂದೇ ಪುಟ ಎಂದೆ. ತಲೆ ಎತ್ತಿ ನೋಡುವಷ್ಟರಲ್ಲಿ ಪುಸ್ತಕದ ಮೇಲೆಯೇ ನಿದ್ದೆ ಹೋಗಿದ್ದಳು.

ಅಂದು ಬರೆಯುವುದನ್ನು ನಿಲ್ಲಿಸಿ ಯೋಚಿಸಿದೆ. ಗಂಟೆ ಹೊಡೆಯುವಾಗ ಮಗುವಿನ ಬಾಯಲ್ಲಿ ಯಾವ ಮಾತು ಇರಬೇಕು? ಮೊದಲು ಅದೊಂದನ್ನೇ ಬರೆಯತೊಡಗಿದೆ. ಉದಾಹರಣೆಗೆ, 'ದ ಬಾಲ್ ಈಸ್ ಆನ್ ದ ಟೇಬಲ್.' ನಂತರ ಮಕ್ಕಳು ಎಲ್ಲಿ ತಪ್ಪುತ್ತಾರೆ ಎಂದು ಬರೆದೆ. ನೋಡಿ, ಕನ್ನಡದಲ್ಲಿ 'ಮೇಜಿನ ಮೇಲೆ', ನಮ್ಮ ಉರ್ದುವಿನಲ್ಲಿ 'ಮೇಜ್ ಪರ್'. ಎರಡರಲ್ಲೂ 'ಮೇಲೆ' ಕೊನೆಗೆ ಬರುತ್ತದೆ. ಹಾಗಾಗಿ ಮಗು 'ಟೇಬಲ್ ಆನ್' ಎನ್ನುತ್ತದೆ. ಅದು ದಡ್ಡತನವಲ್ಲ, ಮನೆಯ ಭಾಷೆಯ ಅಭ್ಯಾಸ. ಇದು ಮೊದಲೇ ಗೊತ್ತಿದ್ದರೆ ಪಾಠದ ಅರ್ಧ ಸಿದ್ಧತೆ ಮುಗಿದಂತೆ.

ಮೂರು ತರಗತಿಗೂ ಅದೇ ವಾಕ್ಯ ಸಾಕಾಯಿತು. ಚಿಕ್ಕವರು ನಾನು ಹೇಳಿದಂತೆ ಚೆಂಡನ್ನು ಬಕೆಟ್ಟಿನೊಳಗೆ, ಬೆಂಚಿನ ಕೆಳಗೆ ಇಟ್ಟರು. ಮೂರನೆಯವರು ಬಾಯಿಬಿಟ್ಟು ಹೇಳಿದರು, ಐದನೆಯವರು ಬರೆದರು. ಸಾಮಾನೂ ಒಂದೇ, ತಯಾರಿಯೂ ಒಂದೇ. ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಕೂತರೆ ವಾರಕ್ಕಾಗುವಷ್ಟು ವಾಕ್ಯಗಳು ಸಿಗುತ್ತಿದ್ದವು. ತರಗತಿ ಮುಗಿದೊಡನೆ ಸಣ್ಣ ಪುಸ್ತಕದಲ್ಲಿ ಒಂದು ಸಾಲು ಗೀಚುತ್ತಿದ್ದೆ: 'ಅಂಡರ್ ಬಂತು, ಬಿಹೈಂಡ್ ಬರಲಿಲ್ಲ.' ಮರುವರ್ಷ ಆ ಸಾಲುಗಳೇ ನನ್ನ ಯೋಜನೆ. ತಪಾಸಣೆಗೆ ತೋರಿಸುವ ಟಿಪ್ಪಣಿ ಬರೆಯುವುದು ತಪ್ಪಲಿಲ್ಲ ಬಿಡಿ. ಆದರೆ ಇದರಿಂದ ಎತ್ತಿ ಬರೆದರೆ ಹತ್ತು ನಿಮಿಷವೂ ಬೇಕಿರಲಿಲ್ಲ.

ಈಗ ಮೊಬೈಲಿಗೆ ಕೇಳಿದರೆ ಕ್ಷಣದಲ್ಲಿ ಪೂರ್ತಿ ಪಾಠ ಯೋಜನೆ ಬರುತ್ತದೆ. ಬೇಡ ಎನ್ನಲಾರೆ, ನಾನೂ ಬಳಸುತ್ತೇನೆ. ಆದರೆ ನಿಮ್ಮ ಮೂರನೇ ಬೆಂಚಿನ ಹುಡುಗಿಗೆ ಯಾವ ಮಾತು ನಾಲಗೆಗೆ ಬರುವುದಿಲ್ಲ ಎಂದು ನೀವೇ ಅದಕ್ಕೆ ಹೇಳಬೇಕು. ಆ ಸಣ್ಣ ಪುಸ್ತಕ ಇನ್ನೂ ನನ್ನ ಬ್ಯಾಗಿನಲ್ಲಿದೆ.

ಹೀಗೆ ಬಿಡುವು ಸಿಕ್ಕ ಮೊದಲ ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ನೋಟ್ಸ್ ತೆರೆದೆ. ಮೊದಲ ಸಾಲಿನಲ್ಲೇ, ದುಂಡಗಿನ ಅಕ್ಷರದಲ್ಲಿ, 'ಪೆನ್ ಈಸ್ ಬ್ಯಾಗ್ ಇನ್' ಎಂದು ಬರೆದಿದ್ದಳು.