ತವರಿಗೆ ಹೊರಟ ತಾಯಿ

ಶ್ರಾವಣದ ಮೊದಲ ವಾರದಲ್ಲಿ ರಬಕವಿ-ಬನಹಟ್ಟಿಗೆ ಹೋದವರಿಗೆ ಊರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಓಣಿ ಓಣಿಗಳಲ್ಲಿ, ಮನೆಯ ಪಡಸಾಲೆಗಳಲ್ಲಿ, ಹಿತ್ತಿಲ ತಗಡಿನ ಚಪ್ಪರಗಳಲ್ಲಿ ವಿದ್ಯುತ್ ಮಗ್ಗಗಳು ಒಂದೇ ಸಮನೆ ಖಟಖಟಿಸುತ್ತಿರುತ್ತವೆ. ಹೊರಗಿನವರಿಗೆ ಅದು ಗದ್ದಲ. ಊರವರಿಗೆ ಅದು ಉಸಿರಾಟ. ವಿದ್ಯುತ್ತು ಹೋಗಿ ಒಮ್ಮೆಲೇ ಎಲ್ಲವೂ ಸ್ತಬ್ಧವಾದಾಗ ತೊಟ್ಟಿಲ ಕೂಸು ಬೆಚ್ಚಿ ಎದ್ದು ಅಳುವುದುಂಟಂತೆ.

ಇಂಥ ಒಂದು ಮನೆಯ ತಾಯಿಯ ಕಥೆ ಇದು. ಆಕೆಗೆ ಇಲ್ಲಿ ಹೆಸರಿಡಬೇಕಾಗಿಲ್ಲ. ಹಟಗಾರರ ಓಣಿಯಲ್ಲಿರಲಿ, ದೇವಾಂಗರ ಓಣಿಯಲ್ಲಿರಲಿ, ಹೊತ್ತು ಮೂಡುವ ಮುನ್ನ ಅಂಗಳಕ್ಕೆ ನೀರು ಹೊಡೆಯುತ್ತಿರುವ ಯಾವ ಗೃಹಿಣಿಯನ್ನು ಮಾತನಾಡಿಸಿದರೂ ಆಕೆ ಸಿಗುತ್ತಾಳೆ. ವಯಸ್ಸು ನಾಲ್ವತ್ತೈದರ ಆಚೆಗೆ. ಗಂಡನೂ ಮಗನೂ ಮಗ್ಗದ ಮುಂದೆ. ಉಳಿದುದೆಲ್ಲ ಆಕೆಯ ಪಾಲಿಗೆ. ರೊಟ್ಟಿ ಬಡಿಯುವುದು, ನೀರು ತುಂಬುವುದು ಇವನ್ನು ಕೆಲಸವೆಂದು ಆಕೆ ಲೆಕ್ಕ ಹಿಡಿಯುವುದೇ ಇಲ್ಲ. ಲೆಕ್ಕಕ್ಕೆ ಬರುವ ಕೆಲಸ ಬೇರೆಯದು: ಲಾಳಿಗೆ ಬೇಕಾದ ಕಂಡಿಕೆಗಳನ್ನು ಸುತ್ತಿಕೊಡಬೇಕು, ಹರಿದ ಎಳೆಗಳಿಗೆ ಗಂಟು ಹಾಕಬೇಕು, ಮಗ್ಗದಿಂದ ಇಳಿದ ಸೀರೆಯ ದಾರ ಕತ್ತರಿಸಿ, ಸೆರಗಿಗೆ ಗೊಂಡೆ ಕಟ್ಟಿ, ಘಳಿಗೆ ಮಾಡಿ ಇಡಬೇಕು. ನೂಲು ಸಾಹುಕಾರರದು, ಕೂಲಿ ಸೀರೆಯ ಲೆಕ್ಕದ್ದು. ಮಗ್ಗ ನಿಂತ ದಿನ ಕೂಲಿಯೂ ನಿಂತಿತು. ಸರಕಾರಿ ಕಚೇರಿಯವರಿಗೆ ಹಬ್ಬವೆಂದರೆ ಸಂಬಳದ ರಜೆ. ನೇಕಾರನ ಮನೆಗೆ ಹಬ್ಬವೆಂದರೆ ಖರ್ಚು ಎರಡು ಪಟ್ಟು, ಗಳಿಕೆ ಇಲ್ಲ. ಅಷ್ಟೇ ಅಲ್ಲ, ನಾಡಿಗೆಲ್ಲ ಹಬ್ಬದ ಸೀರೆ ಬೇಕಾಗುವುದೂ ಇದೇ ದಿನಗಳಲ್ಲಿಯೇ. ಆದುದರಿಂದ ಊರಿನ ಹೆಂಗಸರಿಗೆ ಜೋಕಾಲಿ ಕಟ್ಟಿಸಿಕೊಡುವ ತಿಂಗಳು ಈ ಹೆಂಗಸರಿಗೆ ಬೆನ್ನು ನೆಟ್ಟಗೆ ಮಾಡಲು ಬಿಡದ ತಿಂಗಳು.

ಹಾಗೆಂದು ಪಂಚಮಿಯನ್ನು ಬಿಡಲಾದೀತೆ? ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಹಬ್ಬಗಳಲ್ಲಿ ದೊಡ್ಡದೆಂದರೆ ಅದೇ. ದೀಪಾವಳಿ ಮನೆಯ ಹಬ್ಬ, ಯುಗಾದಿ ವರ್ಷದ ಹಬ್ಬ. ಪಂಚಮಿ ಮಾತ್ರ ಹೆಣ್ಣಿನ ಹಬ್ಬ, ಅದರಲ್ಲಿಯೂ ತವರಿನ ಹಬ್ಬ. ಕೊಟ್ಟ ಮನೆಯಿಂದ ಮಗಳನ್ನು ಕರೆತರಲು ಅಣ್ಣನೋ ತಮ್ಮನೋ ಹೋಗಬೇಕು. ಈ ಮನೆಯ ಮಗನೂ ಒಂದು ಹೊತ್ತು ಮಗ್ಗ ನಿಲ್ಲಿಸಿ ಮುಧೋಳಕ್ಕೆ ಹೋಗಿ ಅಕ್ಕನನ್ನೂ ಅವಳ ಎರಡು ಮಕ್ಕಳನ್ನೂ ಕರೆತಂದಿದ್ದಾನೆ. ಹಿಂದೆ ಹೀಗೆ ಬಂದ ಮಗಳು ಶ್ರಾವಣ ಮುಗಿಯುವವರೆಗೂ ಉಳಿಯುತ್ತಿದ್ದಳು. ಈಗ ಮಕ್ಕಳ ಶಾಲೆಗೆ ಒಂದು ದಿನದ ರಜೆ. ತವರಿನ ಸುಖವೂ ಶಾಲೆಯ ಗಂಟೆಗೆ ತಕ್ಕಷ್ಟೇ.

ಹಬ್ಬ ಮೊದಲಾಗುವುದು ರೊಟ್ಟಿಯಿಂದ. ಚೌತಿಯ ಹಿಂದಿನ ದಿನ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ಕಟಿ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ತುಂಬಗಾಯಿ ಬದನೆ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು ಇವನ್ನೆಲ್ಲ ತಟ್ಟೆಯಲ್ಲಿಟ್ಟು ಸೆರಗು ಮುಚ್ಚಿ ಓಣಿಯ ಮನೆಮನೆಗೆ ಬೀರುವುದು. ಕೊಟ್ಟ ತಟ್ಟೆ ಬರಿದಾಗಿ ಮರಳುವಂತಿಲ್ಲ. ಸಂಜೆಯ ಹೊತ್ತಿಗೆ ಮನೆಯಲ್ಲಿ ಮಾಡಿದ ರೊಟ್ಟಿ ಒಂದೂ ಇರುವುದಿಲ್ಲ. ಹತ್ತು ಮನೆಗಳ ರೊಟ್ಟಿ ಬುಟ್ಟಿಯಲ್ಲಿರುತ್ತದೆ. ಯಾರ ಮನೆಯ ಹಿಂಡಿಗೆ ಉಪ್ಪು ಹೆಚ್ಚು ಎಂಬ ವಿಮರ್ಶೆ ಮುಂದಿನ ಪಂಚಮಿಯವರೆಗೂ ನಡೆಯುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಉಂಡಿಗಳ ವಿಷಯವಂತೂ ಒಂದು ಅಧ್ಯಾಯವೇ ಸರಿ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ರವೆಯುಂಡಿ, ಬೇಸನ್ ಉಂಡಿ, ಗುಳ್ಳಡಿಕೆ ಉಂಡಿ. ಇವುಗಳ ಜೊತೆಗೆ ಜೋಳದ ಅಳ್ಳು, ಅಳ್ಳಿಟ್ಟು, ನೆನೆಗಡಲೆ. ಬೆಲ್ಲಕ್ಕೆ ದೂರ ಹೋಗಬೇಕಾಗಿಲ್ಲ, ಮಹಾಲಿಂಗಪುರದ ಪೇಟೆ ಪಕ್ಕದಲ್ಲಿಯೇ ಇದೆ. ಆದರೆ ಉಂಡಿ ಕಟ್ಟುವ ಹೊತ್ತು ಮಾತ್ರ ಹಗಲಿನಲ್ಲಿ ದೊರೆಯುವುದಿಲ್ಲ. ರಾತ್ರಿ ಮಗ್ಗ ನಿಂತ ಮೇಲೆ ತಾಯಿ ಪಾಕಕ್ಕೆ ಕೈಯಿಡುತ್ತಾಳೆ. ಪಾಕ ತಣಿಯುವ ಮುನ್ನ ಉಂಡಿ ಕಟ್ಟಬೇಕು. ತಡವಾದರೆ ಪುಡಿಯಾಗುತ್ತದೆ, ಅವಸರವಾದರೆ ಅಂಗೈ ಸುಡುತ್ತದೆ. ಹಗಲೆಲ್ಲ ನೂಲು ಹಿಡಿದ ಬೆರಳುಗಳು ರಾತ್ರಿಯ ಒಂದು ಗಂಟೆಯಲ್ಲಿ ಅದೇ ಲಯದಲ್ಲಿ ಉಂಡಿ ಕಟ್ಟುತ್ತಿರುತ್ತವೆ. ಮಗಳು ಎದ್ದು ಬಂದು ಪಕ್ಕದಲ್ಲಿ ಕುಳಿತರೆ, “ನೀ ಮಲಕೋ ತಂಗಿ, ತವರಿಗಿ ಬಂದೀದಿ” ಎಂದು ಆಕೆಯನ್ನು ಎಬ್ಬಿಸಿ ಕಳಿಸುತ್ತಾಳೆ.

ಚೌತಿಯ ದಿನ ಉಪವಾಸ. ಹುತ್ತದ ಮಣ್ಣಿನ ನಾಗಪ್ಪ. ಅರಿಷಿಣ ಹಚ್ಚಿದ ಹಂಗನೂಲು. ಸೀರೆ ಸೀರೆಗೆ ನೂಲಿನ ಲೆಕ್ಕ ಕೊಡಬೇಕಾದ ಮನೆಯಲ್ಲಿ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲದ ಎಳೆಯೆಂದರೆ ಇದೊಂದೇ. ಕೊಬ್ಬರಿ ಬಟ್ಟಲಿನಲ್ಲಿ ಹಾಲು ತೆಗೆದುಕೊಂಡು ಒಬ್ಬೊಬ್ಬರ ಹೆಸರು ಹೇಳಿ ಎರೆಯುತ್ತಾರೆ: ದೇವರ ಪಾಲು, ಗುರುಗಳ ಪಾಲು, ತಂದೆಯ ಪಾಲು, ತಾಯಿಯ ಪಾಲು, ಅಣ್ಣತಮ್ಮಂದಿರ ಪಾಲು. ಮೊಮ್ಮಕ್ಕಳು ಬೆಕ್ಕಿನ ಪಾಲು, ಮಗ್ಗದ ಪಾಲು ಎಂದು ಸೇರಿಸಿ ನಗುತ್ತಾರೆ. ತಮ್ಮನ ಪಾಲು ಎನ್ನುವಾಗ ತಾಯಿಯ ದನಿ ಒಂದಿಷ್ಟು ತಗ್ಗುತ್ತದೆ. ಏಕೆಂದರೆ ಆ ಹಾಲನ್ನು ಆಕೆ ಎರೆಯಬೇಕಾದುದು ಇಲ್ಲಿ ಅಲ್ಲ.

ಪಂಚಮಿಯ ಒಳಗಿರುವ ಒಂದು ತೊಡಕು ಇದು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಗಳಾದವಳು ತವರಿಗೆ ಹೋಗಬೇಕು. ಆದರೆ ಆಕೆಯೇ ತಾಯಿಯಾಗಿ, ಅವಳ ಮಗಳು ಮದುವೆಯಾಗಿ ಹೋದ ಮೇಲೆ, ಅದೇ ದಿನ ಆಕೆ ಇನ್ನೊಬ್ಬಳಿಗೆ ತವರಾಗಿ ಮನೆಯಲ್ಲಿರಬೇಕು. ಎರಡೂ ಒಂದೇ ದಿನ ಸಾಧ್ಯವಿಲ್ಲ. ಹಬ್ಬಕ್ಕೆ ಎಂಟು ದಿನ ಮುಂಚೆ ತಮ್ಮ ಫೋನಿನಲ್ಲಿ ಕರೆದಿದ್ದ: “ಯಕ್ಕಾ, ಹಿನ್ನೀರು ಏರಾಕ ಹತ್ತ್ಯಾವ. ಈ ಸಲನರ ಬಂದು ಹೋಗವಾ.” “ಮಗಳು ಬರ್ತಾಳಲ್ಲೋ ತಮ್ಮಾ. ಆಕಿನ್ನ ಕಳಿಸಿ ಬರ್ತೀನಿ” ಎಂದು ಆಕೆ ಉತ್ತರಿಸಿದ್ದಳು. ಹೀಗೆ ಪಂಚಮಿ ಕಳೆದ ಮಾರನೆಯ ದಿನ, ಎರಡು ದಿನಕ್ಕೆ ಸಾಕಾಗುವಷ್ಟು ಕಂಡಿಕೆ ಸುತ್ತಿಟ್ಟು, ಉಂಡಿಯ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು, ಮಗಳನ್ನೂ ಮೊಮ್ಮಕ್ಕಳನ್ನೂ ಮುಂದೆ ಮಾಡಿಕೊಂಡು ಆಕೆ ಬಸ್ಸು ಹತ್ತುತ್ತಾಳೆ.

ಬನಹಟ್ಟಿಯಿಂದ ಜಮಖಂಡಿ, ಜಮಖಂಡಿಯಿಂದ ಮುಧೋಳ, ಅಲ್ಲಿಂದ ಬೀಳಗಿ. ಇಂದು ಈ ನಾಲ್ಕೂ ಬಾಗಲಕೋಟೆ ಜಿಲ್ಲೆಯ ತಾಲೂಕುಗಳು. ಜಿಲ್ಲೆಯೇ 1997ರಲ್ಲಿ ವಿಜಾಪುರದಿಂದ ಬೇರೆಯಾದದ್ದು. ಆದರೆ ಆಕೆಯ ಅಜ್ಜಿ ಇದೇ ದಾರಿಯಲ್ಲಿ ಎತ್ತಿನ ಬಂಡಿಯಲ್ಲಿ ಬಂದಿದ್ದರೆ ನಾಲ್ಕು ಪ್ರಭುತ್ವಗಳನ್ನು ದಾಟಬೇಕಾಗುತ್ತಿತ್ತು. ರಬಕವಿ ಸಾಂಗಲಿ ಸಂಸ್ಥಾನದ್ದು, ಅದಕ್ಕೆ ಅಂಟಿಕೊಂಡ ಬನಹಟ್ಟಿ ಜಮಖಂಡಿಯ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿದುವು, 1956ರಲ್ಲಿ ಎಲ್ಲವೂ ಕನ್ನಡ ನಾಡಿಗೆ ಬಂದುವು. ರಾಜರು ಗಡಿ ಹಾಕಿಕೊಂಡರೂ ಬೀಗರು ಹಾಕಿಕೊಂಡಿರಲಿಲ್ಲ. ಹೆಣ್ಣು ಕೊಟ್ಟು ತರುವ ವ್ಯವಹಾರ ಗಡಿಯ ಮೇಲೆಯೇ ನಡೆಯುತ್ತಿತ್ತು.

ಜಮಖಂಡಿಯ ನಿಲ್ದಾಣದಲ್ಲಿ ಬಸ್ಸು ಬದಲಾಯಿಸಬೇಕು. ರಾಮತೀರ್ಥದ ಅರಮನೆಯನ್ನು ನೋಡಲು ಬರುವ ಪ್ರವಾಸಿಕರಂತೆ ಆಕೆಗೆ ಪುರುಸೊತ್ತಿಲ್ಲ. ಮೊಮ್ಮಗನಿಗೆ ಬಾಳೆಹಣ್ಣು ಕೊಡಿಸುವಷ್ಟರಲ್ಲಿ ಬಸ್ಸು ಹೊರಡುತ್ತದೆ. ದಾರಿಯುದ್ದಕ್ಕೂ ಕಬ್ಬು. ಈ ಸೀಮೆಯ ಹಸಿರಿನ ಹಿಂದೆ ರೈತರ ಬೆವರಿನ ಒಂದು ಕಥೆಯಿದೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಬಳಿ 1989ರಲ್ಲಿ ರೈತರೇ ಹಣ ಕೂಡಿಸಿ, ತಾವೇ ಮಣ್ಣು ಕಲ್ಲು ಹೊತ್ತು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಮುಂದಾಳು ಸಿದ್ದು ನ್ಯಾಮಗೌಡರು. ಜನರು ಅವರನ್ನು ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು. 1991ರ ಲೋಕಸಭಾ ಚುನಾವಣೆಯಲ್ಲಿ ಅವರು ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ನೀರನ್ನು ನಿಲ್ಲಿಸಿಕೊಂಡು ಬದುಕಿದವರು ಈ ಕಡೆ. ನೀರು ನಿಂತುದರಿಂದ ಎದ್ದು ಹೋಗಬೇಕಾದವರು ಆ ಕಡೆ. ಹೊಳೆ ಮಾತ್ರ ಒಂದೇ.

ಮುಧೋಳದಲ್ಲಿ ಮಗಳ ಮನೆ. ಬೀಗಿತ್ತಿಯ ಕೈಗೆ ಉಂಡಿ ಕೊಟ್ಟು, ಒಂದು ಲೋಟ ಚಹಾ ಕುಡಿದು ಏಳಬೇಕೆನ್ನುವಷ್ಟರಲ್ಲಿ ಮಗಳು ತಾಯಿಯನ್ನು ಬಳೆಯಂಗಡಿಗೆ ಎಳೆದುಕೊಂಡು ಹೋಗುತ್ತಾಳೆ. ತವರಿಗೆ ಹೊರಟ ಹೆಣ್ಣು ಬರಿಗೈಯಲ್ಲಿ ಹೋಗಬಾರದಷ್ಟೆ! ಹಸಿರು ಗಾಜಿನ ಬಳೆಗಳು ಒಂದೊಂದಾಗಿ ಏರುತ್ತವೆ. ಸಾವಿರ ವರ್ಷಗಳ ಹಿಂದೆ ಮುದುವೊಳಲೆನಿಸಿದ್ದ ಇದೇ ಊರಿನಲ್ಲಿ ಒಂದು ಬಳೆಗಾರರ ಮನೆಯಿತ್ತು. ಜಿನವಲ್ಲಭ ಮತ್ತು ಅಬ್ಬಲಬ್ಬೆಯರ ಆ ಮನೆಯ ಮಗನೇ ಗದಾಯುದ್ಧವನ್ನು ಬರೆದ ಕವಿಚಕ್ರವರ್ತಿ ರನ್ನ. ತನ್ನ ಕುಲವನ್ನು ಆತ ಮರೆಮಾಚಲಿಲ್ಲ. ಬಳೆ ಹೊತ್ತು ಊರೂರು ತಿರುಗುವವರ ಮನೆಯಲ್ಲಿ ಮಗನ ವಿದ್ಯೆಗೆ ತಾಯಿ ಎಷ್ಟು ಕಷ್ಟಪಟ್ಟಳೋ ಕಾವ್ಯಗಳು ಹೇಳುವುದಿಲ್ಲ. ಹೆಸರಾದರೂ ಉಳಿದಿದೆ, ಅದೇ ದೊಡ್ಡದು. ಬಳೆ ಇಡಿಸಿಕೊಂಡ ತಾಯಿಗೆ ಈ ಕವಿಯ ಹೆಸರು ಗೊತ್ತು: ಸಕ್ಕರೆ ಕಾರ್ಖಾನೆಗೂ ಅದೇ ಹೆಸರಲ್ಲವೆ!

ಬೀಳಗಿಗೆ ಬಂದಾಗ ಮಧ್ಯಾಹ್ನ ಇಳಿದಿರುತ್ತದೆ. ಸಿದ್ಧೇಶ್ವರನ ಗುಡಿಯ ಊರಿದು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಎರಡು ಹೊಳೆಗಳ ನಡುವಣ ಈ ನೆಲಕ್ಕೆ ಆಲಮಟ್ಟಿಯ ಅಣೆಕಟ್ಟು ತಟ್ಟಿದಷ್ಟು ಬೇರೆ ಯಾವುದೂ ತಟ್ಟಲಿಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲಿಟ್ಟ ಕೆಲಸ ನಾಲ್ಕು ದಶಕ ಹಿಡಿಯಿತು. ನೀರು 519.60 ಮೀಟರಿನವರೆಗೆ ನಿಲ್ಲತೊಡಗಿದಾಗ ಬಾಗಲಕೋಟೆಯ ಹಳೆಯ ಪೇಟೆಯ ಒಂದು ಭಾಗದೊಡನೆ ಹೊಳೆದಂಡೆಯ ಅನೇಕ ಹಳ್ಳಿಗಳೂ ಮುಳುಗಿದುವು. ಆಕೆಯ ತವರೂ ಅವುಗಳಲ್ಲಿ ಒಂದು. ತಮ್ಮನಿರುವುದು ದಿಬ್ಬದ ಮೇಲಿನ ಪುನರ್ವಸತಿ ಕೇಂದ್ರದಲ್ಲಿ. ಸರಳ ರೇಖೆಯ ರಸ್ತೆಗಳು, ಸಮನಾದ ನಿವೇಶನಗಳು. ಹಳೆಯ ಊರಿನಲ್ಲಿ ಮನೆ ಹುಡುಕಲು ದೊಡ್ಡ ಬೇವಿನ ಮರವನ್ನು ಗುರುತು ಹೇಳುತ್ತಿದ್ದರು. ಇಲ್ಲಿ ನಂಬರು ಹೇಳುತ್ತಾರೆ.

ಊರು ಎತ್ತುವಾಗ ಜನರು ಬಾಗಿಲು, ತೊಲೆ, ಹಂಚುಗಳನ್ನು ಕಳಚಿ ತಂದರು. ದೇವರನ್ನೂ ತಂದರು. ಆದರೆ ಬೇವಿನ ಮರವನ್ನು ತರುವುದು ಹೇಗೆ? ಆಕೆ ಹುಡುಗಿಯಾಗಿದ್ದಾಗ ಜೋಕಾಲಿ ಜೀಕಿದ್ದು ಅದರ ಕೊಂಬೆಯಲ್ಲಿ. ಆಕೆಯ ತಾಯಿ ಹಾಲೆರೆದದ್ದು ಅದರ ಬುಡದ ನಾಗರಕಟ್ಟೆಗೆ. ಹೊಸ ಊರಿನಲ್ಲಿ ಹೊಸ ನಾಗರಕಲ್ಲುಗಳಿವೆ, ಹೊಸ ಬೇವು ಬೆಳೆದಿದೆ, ಈ ವರ್ಷ ಅದಕ್ಕೂ ಜೋಕಾಲಿ ಕಟ್ಟಿದ್ದಾರೆ. ತಮ್ಮನ ಮಕ್ಕಳಿಗೆ ಊರೆಂದರೆ ಇದೇ. ಅವರು ಮುಳುಗಿದ ಊರಿನ ಮಾತು ಕೇಳುವುದು ಅಜ್ಜಿಯ ಕಥೆ ಕೇಳಿದಂತೆ.

ಇಲ್ಲಿಯೂ ಒಂದು ವಿಚಿತ್ರವಿದೆ. ಬೇಸಗೆಯಲ್ಲಿ ಹಿನ್ನೀರು ಇಳಿಯುತ್ತದೆ. ಹಳೆಯ ಊರಿನ ಗೋಡೆಯ ಅಡಿಪಾಯಗಳು ತಲೆ ತೋರಿಸುತ್ತವೆ, ತೆರವಾದ ನೆಲದಲ್ಲಿ ಕೆಲವರು ಬೆಳೆಯನ್ನೂ ತೆಗೆಯುತ್ತಾರೆ. ಮುಂಗಾರು ಬಂದೊಡನೆ ನೀರು ಮತ್ತೆ ಏರುತ್ತದೆ. ತವರು ನೆನಪಾಗುವ ಶ್ರಾವಣದಲ್ಲಿಯೇ ತವರು ಮುಚ್ಚಿಹೋಗುತ್ತದೆ. ಮೇ ತಿಂಗಳಲ್ಲಿ ಬಂದರೆ ಕಟ್ಟೆ ಕಂಡೀತು, ಆದರೆ ಅದು ಪಂಚಮಿಯಲ್ಲ. ಅಷ್ಟರಿಂದಲೂ ಮುಗಿದಂತಿಲ್ಲ. ಅಣೆಕಟ್ಟಿನಲ್ಲಿ 524.256 ಮೀಟರಿನವರೆಗೆ ನೀರು ನಿಲ್ಲಿಸಲು ಕೃಷ್ಣಾ ಜಲವಿವಾದ ನ್ಯಾಯಾಧಿಕರಣವು 2010ರಲ್ಲಿ ಒಪ್ಪಿದೆ. ಬಯಲುಸೀಮೆಯ ಲಕ್ಷಾಂತರ ಎಕರೆಗಳಿಗೆ ಆ ನೀರು ಬೇಕು, ನಿಜ. ಅಂಗಳದಲ್ಲಿ ಕುಳಿತ ತಮ್ಮ ಆ ನಾಲ್ಕೂವರೆ ಮೀಟರಿನ ಲೆಕ್ಕವನ್ನು ಬೆರಳಿನಿಂದ ಗೋಡೆಯ ಮೇಲೆ ತೋರಿಸುತ್ತಾನೆ. ಯಾರ ಹೊಲ ಹೋದೀತು, ಯಾರದು ಉಳಿದೀತು ಎಂದು ಹೇಳುತ್ತಾನೆ. ಅಕ್ಕ ಕೇಳುತ್ತಾಳೆ. ಲೆಕ್ಕ ಆಕೆಗೆ ಹೊಸದಲ್ಲ. ಆಕೆಯೂ ಎಳೆ ಎಣಿಸಿ ಬದುಕಿದವಳೇ.

ಮರುದಿನ ಬೆಳಿಗ್ಗೆ ನಾದಿನಿಯೊಡನೆ ಹೋಗಿ ಹೊಸ ಕಟ್ಟೆಗೆ ಹಾಲೆರೆದಳು. ಶ್ರಾವಣ ಮುಗಿಯುವತನಕ ಎರೆದರೂ ದೋಷವಿಲ್ಲವೆಂದು ಹಿರಿಯ ಹೆಂಗಸರು ಹೇಳಿದರು. ತಂದೆಯ ಪಾಲು, ತಾಯಿಯ ಪಾಲು, ತಮ್ಮನ ಪಾಲು. ಬಟ್ಟಲಿನಲ್ಲಿ ಒಂದಿಷ್ಟು ಉಳಿಸಿಕೊಂಡು ಇಳಿಜಾರಿನ ಕಾಲುದಾರಿ ಹಿಡಿದು ನೀರಿನವರೆಗೆ ನಡೆದಳು. ಆ ದಾರಿ ನೇರವಾಗಿ ನೀರಿನೊಳಕ್ಕೇ ಹೋಗಿತ್ತು; ಹಿಂದೆ ಊರಿಗೆ ಹೋಗುತ್ತಿದ್ದ ದಾರಿಯೇ ಅದು. ಉಳಿದ ಹಾಲನ್ನು ಅಲ್ಲಿ ಎರೆದಳು. ಯಾರ ಪಾಲು ಎಂದಳೋ ದೂರದಲ್ಲಿ ನಿಂತ ನಾದಿನಿಗೆ ಕೇಳಿಸಲಿಲ್ಲ.

ಅಷ್ಟರಲ್ಲಿ ಸೆರಗಿನ ಗಂಟಿನಲ್ಲಿದ್ದ ಫೋನು ಬಡಿದುಕೊಂಡಿತು. ಬನಹಟ್ಟಿಯಿಂದ ಗಂಡ: ಮಗನಿಗೆ ಹೊಸ ಬೀಮು ಬಂದಿದೆ, ಸುತ್ತಿಟ್ಟ ಕಂಡಿಕೆ ಸಂಜೆಗೆ ಮುಗಿಯುತ್ತವೆ. “ಬಂದ್ನಿ, ಬಂದ್ನಿ” ಎಂದು ಆಕೆ ಏರು ಹತ್ತಿದಳು. ಉಂಡಿಯ ಡಬ್ಬಿ ಬರಿದಾಗಿ ಮರಳುವಂತಿಲ್ಲವಲ್ಲ. ನಾದಿನಿ ಅದರಲ್ಲಿ ತನ್ನ ಮನೆಯ ಎಳ್ಳುಂಡಿ ತುಂಬಿ, ಮೇಲೆ ನಾಲ್ಕು ಸಜ್ಜೆಯ ರೊಟ್ಟಿ ಇಟ್ಟು ಕಟ್ಟಿಕೊಟ್ಟಿದ್ದಳು. ಒಂಬತ್ತೂವರೆಯ ಬಸ್ಸಿಗೆ ತಮ್ಮನೇ ಬಂದು ಕಿಟಕಿಯ ಪಕ್ಕದಲ್ಲಿ ಜಾಗ ಹಿಡಿದುಕೊಟ್ಟ.