ಹತ್ತು ಸೆಂಟಿನ ದೆವ್ವಗಳು!

ರಾತ್ರಿ ಬಸ್ಸಿಗೆ ಕಾಯುತ್ತಾ ಈ ಪತ್ರಿಕೆ ಹಿಡಿದು ಕೂತಿರುವ ಗೆಳೆಯರೇ, ಪಕ್ಕದಲ್ಲಿ ತೂಕಡಿಸುತ್ತಿರುವವನ ಮುಖ ಸರಿಯಾಗಿ ನೋಡಿದ್ದೀರಾ? ಬೇಡ ಬಿಡಿ! ನಾನು ಹೇಳಹೊರಟಿರುವ ಪುಸ್ತಕದಲ್ಲಾದರೆ ಅವನು ಸತ್ತು ಮೂರು ವಾರ ಆಗಿರುತ್ತೆ...

ಪುಸ್ತಕದ ಹೆಸರು 'ಟೇಲ್ಸ್ ಫ್ರಮ್ ದ ಕ್ರಿಪ್ಟ್'. ಅಮೆರಿಕದ ಕಾಮಿಕ್ಸು. ನ್ಯೂಯಾರ್ಕಿನ 'ಇ.ಸಿ.' ಎಂಬ ಪ್ರಕಾಶನದವರು 1950ರಿಂದ 1955ರವರೆಗೆ ತಂದದ್ದು. ಬೆಲೆ ಹತ್ತು ಸೆಂಟು. 'ದ ವಾಲ್ಟ್ ಆಫ್ ಹಾರರ್', 'ದ ಹಾಂಟ್ ಆಫ್ ಫಿಯರ್' ಅಂತ ಇನ್ನೆರಡು ತಂಗಿಯರೂ ಇದಕ್ಕುಂಟು.

ನನಗಿದು ಸಿಕ್ಕಿದ್ದು ಪಿ.ಯು.ಸಿ. ಎರಡನೇ ವರ್ಷದಲ್ಲಿ, ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ. ಹೋದದ್ದು ಫಿಸಿಕ್ಸ್ ಗೈಡ್ ತರೋಕೆ. ತಂದದ್ದು ರಟ್ಟು ಕಿತ್ತುಹೋಗಿದ್ದ ಈ ಮರುಮುದ್ರಣ! ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪದ ಬಿಡಿಸಿ ಓದಿದೆ. ನನಗೆ ಬರುವ ಅಷ್ಟಿಷ್ಟು ಇಂಗ್ಲಿಷು ಕಲಿಸಿದವರು ಈ ಹೆಣಗಳೇ. ಅಪ್ಪ ಲಾರಿ ಡ್ರೈವರ್. ಹತ್ತು ದಿನದ ಟ್ರಿಪ್ ಮುಗಿಸಿ ಬಂದವರ ಕೈಗೆ ಪುಸ್ತಕ ಸಿಕ್ಕಿತು. "ಗೈಡಿನ ದುಡ್ಡಲ್ಲಿ ದೆವ್ವ ತಂದಿದೀಯೇನೋ?" ಅಂದವರೇ ಬಚ್ಚಲ ಒಲೆಗೆ ತುರುಕಿದರು. ಅದೇ ವರ್ಷ ನಾನು ಕಾಲೇಜು ಬಿಟ್ಟೆ. ಪುಸ್ತಕದಿಂದಲ್ಲ ಸ್ವಾಮಿ, ಲೆಕ್ಕ ತಲೆಗೆ ಹತ್ತಲಿಲ್ಲ. ಆದರೆ ಅಪ್ಪ ವರ್ಷಗಟ್ಟಲೆ ದೂರಿದ್ದು ಪುಸ್ತಕವನ್ನೇ!

ಅದಿರಲಿ. ಇದನ್ನು ಹುಟ್ಟಿಸಿದವರು ಇಬ್ಬರು. ಮಾಲೀಕ ವಿಲಿಯಂ ಗೇನ್ಸ್, ಸಂಪಾದಕ ಆಲ್ ಫೆಲ್ಡ್‌ಸ್ಟೈನ್. ಗೇನ್ಸ್ ಕಥೆಯ ಎಳೆ ಹೇಳೋದು, ಫೆಲ್ಡ್‌ಸ್ಟೈನ್ ಅದನ್ನು ಬೆಳೆಸೋದು. ಮಾತೆಲ್ಲ ಮೊದಲೇ ಹಾಳೆಗೆ ಇಳಿಯುತ್ತಿತ್ತು. ಉಳಿದ ಜಾಗದಲ್ಲಿ ಕಲಾವಿದ ಚಿತ್ರ ಬರೆಯಬೇಕು. ಅದಕ್ಕೇ ಒಂದೊಂದು ಚೌಕದಲ್ಲೂ ರಾಶಿ ಮಾತು. ಒಂದು ಸಂಚಿಕೆಗೆ ಸಾಮಾನ್ಯವಾಗಿ ನಾಲ್ಕು ಕಥೆ. ಕಥೆ ಹೇಳೋಕೆ ಸೂತ್ರಧಾರರು ಮೂವರು: ಕ್ರಿಪ್ಟ್ ಕೀಪರ್, ವಾಲ್ಟ್ ಕೀಪರ್, ಮುದಿ ಮಾಟಗಾತಿ. ಹೆಣದ ಮುಂದೆ ನಿಂತು ಹಲ್ಲು ಕಿರಿದು ಜೋಕು ಹೊಡೆಯುವ ಮಂದಿ!

ಕಲಾವಿದರಲ್ಲಿ ನನ್ನ ಮೆಚ್ಚು ಗ್ರಹಾಂ ಇಂಗೆಲ್ಸ್. ಅವನು ಸಹಿ ಹಾಕುತ್ತಿದ್ದದ್ದೇ 'ಘಾಸ್ಟ್ಲಿ' ಅಂತ. ಅವನು ಬರೆದ ಮುದುಕರ ಬಾಯಲ್ಲಿ ಎಂಜಲು ನೂಲಿನ ಹಾಗೆ ಜೋತಾಡುತ್ತೆ. ಊಟಕ್ಕೆ ಮುಂಚೆ ನೋಡಬೇಡಿ.

ದೋಷ ಇಲ್ಲವೇ? ಉಂಟು. ಗಂಡ ಹೆಂಡತಿಯನ್ನು ಕೊಲ್ಲೋದು, ಹೆಂಡತಿ ಗಂಡನನ್ನು ಕೊಲ್ಲೋದು, ಸತ್ತವರು ಎದ್ದು ಬರೋದು... ಒಂದೇ ಕೂತಲ್ಲಿ ಹತ್ತು ಓದಿದರೆ ಹನ್ನೊಂದನೆಯದರ ಕೊನೆ ನಿಮಗೇ ಗೊತ್ತಾಗಿಬಿಡುತ್ತೆ. ರಾತ್ರಿಗೆ ಎರಡು ಸಾಕು.

ಒಲೆಗೆ ಹಾಕುವ ಅಪ್ಪಂದಿರು ಅಲ್ಲೂ ಇದ್ದರು! 1948ರಲ್ಲೇ ಬಿಂಗ್‌ಹ್ಯಾಂಟನ್ ಎಂಬ ಊರಿನಲ್ಲಿ ಮಕ್ಕಳ ಕೈಯಲ್ಲೇ ಕಾಮಿಕ್ಸ್ ರಾಶಿ ಹಾಕಿಸಿ ಬೆಂಕಿ ಇಟ್ಟರು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಾಮ್ ಮಕ್ಕಳು ಕೆಡುವುದಕ್ಕೆ ಇವೇ ಕಾರಣ ಎಂದು ಪುಸ್ತಕ ಬರೆದ. ಅದೇ ಏಪ್ರಿಲ್ 21ರಂದು ಸೆನೆಟ್ ಸಮಿತಿಯೆದುರು ಗೇನ್ಸ್ ತಾನಾಗಿಯೇ ಹೋಗಿ ಕೂತ. ವಯಸ್ಸು 32. ಸೆನೆಟರ್ ಕೆಫಾವರ್ ಒಂದು ರಕ್ಷಾಪುಟ ಎತ್ತಿ ಹಿಡಿದರು. ಒಂದು ಕೈಲಿ ಕೊಡಲಿ, ಇನ್ನೊಂದರಲ್ಲಿ ಹೆಂಗಸಿನ ರುಂಡ! ಇದು ಸದಭಿರುಚಿಯೇ ಎಂದು ಕೇಳಿದರು. ದೆವ್ವದ ಕಾಮಿಕ್ಸಿಗೆ ಸದಭಿರುಚಿಯೇ, ರುಂಡ ಇನ್ನೂ ಮೇಲಿದ್ದು ಕತ್ತಿನಿಂದ ರಕ್ತ ತೊಟ್ಟಿಕ್ಕಿದ್ದರೆ ಕೆಟ್ಟ ಅಭಿರುಚಿ ಆಗುತ್ತಿತ್ತು ಎಂದುಬಿಟ್ಟ ಪುಣ್ಯಾತ್ಮ! ಅಷ್ಟೇ, ಆಟ ಕೆಟ್ಟಿತು. ಕಾಮಿಕ್ಸ್ ಉದ್ಯಮದವರೇ ಕಟ್ಟುಪಾಡು ಮಾಡಿಕೊಂಡರು. ಹೆಸರಿನಲ್ಲಿ 'ಹಾರರ್' ಅನ್ನುವ ಪದವೂ ಕೂಡದು. 46ನೇ ಸಂಚಿಕೆಗೆ ಪುಸ್ತಕ ನಿಂತಿತು. ಗೇನ್ಸ್ ಬದುಕಿಕೊಂಡದ್ದು ತನ್ನ ನಗೆಪತ್ರಿಕೆ 'ಮ್ಯಾಡ್'ನಿಂದ.

ಸಿನಿಮಾ ಮಂದಿ ಬಿಡುತ್ತಾರೆಯೇ? 1972ರಲ್ಲಿ ಇಂಗ್ಲೆಂಡಿನಲ್ಲಿ ಫ್ರೆಡ್ಡಿ ಫ್ರಾನ್ಸಿಸ್ ಇದೇ ಹೆಸರಿನ ಚಿತ್ರ ಮಾಡಿದ. ಐದು ಕಥೆ. ಮೂರನೆಯದರಲ್ಲಿ ಪೀಟರ್ ಕುಶಿಂಗ್ ಕಸ ಎತ್ತುವ ಮುದುಕ. ಹೆಂಡತಿ ಇಲ್ಲ, ನಾಯಿಗಳು, ಬೀದಿಯ ಮಕ್ಕಳು, ಅಷ್ಟೇ ಅವನ ಸಂಸಾರ. ಎದುರುಮನೆಯ ಸಿರಿವಂತರಿಗೆ ಅವನು ಕಣ್ಣಕಸ. ಒಂದೊಂದೇ ಕಿತ್ತುಕೊಳ್ಳುತ್ತಾರೆ... ಕೊನೆ ಹೇಳೋಲ್ಲ. ಕುಶಿಂಗ್‌ನ ಸ್ವಂತ ಹೆಂಡತಿ ತೀರಿಕೊಂಡದ್ದು 1971ರಲ್ಲಿ. ಆ ಕಣ್ಣು ನೋಡಿದರೆ ಅದು ನಟನೆ ಅನ್ನಿಸೋಲ್ಲ.

ಕಳೆದ ದೀಪಾವಳಿಗೆ ಅದನ್ನೇ ಮೊಬೈಲಿನಲ್ಲಿ ನೋಡ್ತಾ ಇದ್ದೆ. ಅಪ್ಪ ಈಗ ಲಾರಿ ಬಿಟ್ಟಿದ್ದಾರೆ, ಮಂಡಿನೋವು. ಪಕ್ಕ ಬಂದು ಕೂತರು. ಇಂಗ್ಲಿಷ್ ಬಾರದು, ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಕಥೆ ಮುಗಿಯಿತು. ಬಹಳ ಹೊತ್ತು ಸುಮ್ಮನಿದ್ದರು.

"ಆ ಮುದುಕನ ನಾಯಿಗಳನ್ನ ಕಿತ್ಕೋಬಾರದಾಗಿತ್ತು ಕಣೋ," ಅಂದರು. ಆಮೇಲೆ, "ಅವತ್ತು ನಾನು ಸುಟ್ಟಿದ್ದು ಇದೇ ಪುಸ್ತಕಾನಾ?"

ಹೌದು ಅಂದೆ.

ಹೊಸಬರಿಗೆ ಒಂದು ಮಾತು. ಮೊದಲ ಸಂಚಿಕೆಯಿಂದಲೇ ಶುರುಮಾಡಬೇಕು ಅಂತೇನಿಲ್ಲ, ಒಂದಕ್ಕೊಂದು ಕೊಂಡಿ ಇಲ್ಲ. 46ನೆಯದರ 'ಬ್ಲೈಂಡ್ ಆಲೀಸ್' ಹಿಡಿಯಿರಿ. ಕುರುಡರ ಆಶ್ರಮ, ದುಷ್ಟ ಮೇಲ್ವಿಚಾರಕ, ಒಂದು ಕಿರಿದಾದ ಓಣಿ, ಗೋಡೆ ತುಂಬ ಬ್ಲೇಡು. ದೀಪ ಆರುತ್ತೆ...

ನಿಮ್ಮ ಬಸ್ಸು ಬಂತು ನೋಡಿ!