ಮೂವರು ಅರ್ನುಲ್ಫರ ಬೆನ್ನುಹತ್ತಿ

ನನ್ನ ಮೊಮ್ಮಗನಿಗೆ ನನ್ನದೇ ಹೆಸರು. ಮೊದಲ ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮ ಮನೆಯ ಪದ್ಧತಿ. ಜರ್ಮನಿಯ ಸಾರ್‌ಬ್ರುಕನ್‌ನಲ್ಲಿ ಓದುವ ಆ ಹುಡುಗನಿಗೆ ಅದೇ ತೊಂದರೆ. ಅಲ್ಲಿನ ಶಾಲೆಯಲ್ಲಿ ಯಾರ ನಾಲಿಗೆಗೂ ಅದು ಹೊರಳುವುದಿಲ್ಲವಂತೆ. ಮಗನ ಮನೆಗೆ ಹೋದ ಮೊದಲ ವಾರವೇ, "ತಾತ, ನನಗೆ ಬೇರೆ ಹೆಸರು ಬೇಕು" ಎಂದ. ಮನಸ್ಸಿಗೆ ಚುಚ್ಚಿತು. ಮಾತು ಮರೆಸಲು ಅವನನ್ನು ಮೆಟ್ಸ್ ಊರಿಗೆ ಕರೆದೊಯ್ದೆ.

ಗಡಿಯಾಚೆ, ಫ್ರಾನ್ಸಿನಲ್ಲಿದೆ ಮೆಟ್ಸ್. ರೈಲಿನಲ್ಲಿ ಸುಮಾರು ಒಂದು ಗಂಟೆ. ಫ್ರೆಂಚರ ಬಾಯಲ್ಲಿ ಅದು 'ಮೆಸ್'! ನನಗೆ ಬ್ರಹ್ಮಚಾರಿ ದಿನಗಳ ಊಟದ ಮೆಸ್ ನೆನಪಾಯಿತು.

ಮೊಜೆಲ್ ನದಿಯ ಸೇತುವೆಯ ಮೇಲೆ ನಿಂತು ಅವನಿಗೆ ಒಂದು ಕಥೆ ಹೇಳಿದೆ. ಏಳನೇ ಶತಮಾನದಲ್ಲಿ ಈ ಊರಿನ ಬಿಷಪ್ ಆಗಿದ್ದವರು ಅರ್ನುಲ್ಫ್. ಹಳೆಯ ಜರ್ಮನ್ ನುಡಿಯಲ್ಲಿ ಅದರ ಅರ್ಥ ಹದ್ದು ಮತ್ತು ತೋಳ. ಮಾಡಿದ ಪಾಪ ನೆನೆದು ಕೊರಗುತ್ತಿದ್ದ ಅವರು ಒಮ್ಮೆ ಸೇತುವೆಯಿಂದ ತಮ್ಮ ಉಂಗುರವನ್ನು ನದಿಗೆ ಎಸೆದು, "ಇದು ನನಗೆ ಮರಳಿ ಬಂದರೆ ಪಾಪ ಕಳೆಯಿತೆಂದು ನಂಬುವೆ" ಎಂದುಕೊಂಡರಂತೆ. ವರ್ಷಗಳ ನಂತರ ಅವರ ಅಡುಗೆಮನೆಗೆ ಬಂದ ಮೀನಿನ ಹೊಟ್ಟೆಯಲ್ಲಿ ಅದೇ ಉಂಗುರ!

"ಶಕುಂತಲೆಯ ಕಥೆ ಕದ್ದಿದ್ದಾರೆ" ಎಂದ ಮೊಮ್ಮಗ. ಅಜ್ಜಿ ಫೋನಿನಲ್ಲಿ ಹೇಳಿದ ಕಥೆ ಮರೆತಿರಲಿಲ್ಲ. ಮೀನಿನ ಕೆತ್ತನೆಯ ಹರಳಿರುವ ಆ ಉಂಗುರ ಊರಿನ ದೊಡ್ಡ ಚರ್ಚಿನ ಭಂಡಾರದಲ್ಲಿದೆ ಎಂದಾಗ ಸುಮ್ಮನಾದ.

ಬಿಷಪ್ಪರಾಗುವ ಮೊದಲು ಅರ್ನುಲ್ಫ್ ಸಂಸಾರಿ. ಅವರ ಮಗನಿಂದ ಎಣಿಸಿದರೆ ಐದನೆಯ ತಲೆಮಾರಿನವನೇ ಷಾರ್ಲಮೇನ್ ಚಕ್ರವರ್ತಿ. ಆದರೆ ಆ ವಂಶದಲ್ಲಿ ಪಟ್ಟಕ್ಕೆ ಬರುವ ಹುಡುಗರಿಗೆ ಕಾರ್ಲ್, ಲುಡ್ವಿಗ್, ಪಿಪ್ಪಿನ್ ಎಂಬಂಥ ಕೆಲವೇ ಹೆಸರುಗಳು. ಮೂಲಪುರುಷನ ಹೆಸರು ಬೀಳುತ್ತಿದ್ದುದು ಹಕ್ಕಿಲ್ಲದ ಮಕ್ಕಳಿಗೆ.

ಅಂಥ ಒಬ್ಬನನ್ನು ಹುಡುಕಿಕೊಂಡು ಮುಂದಿನ ವಾರ ಡ್ಯಾನ್ಯೂಬ್ ದಡದ ರೇಗನ್ಸ್‌ಬರ್ಗಿಗೆ ಹೋದೆವು. ದೂರದ ದಾರಿ, ನನ್ನ ಮಂಡಿ ಹಿಡಿದುಕೊಂಡಿತು. ಅಲ್ಲಿನ ಸಂತ ಎಮ್ಮೆರಾಮ್ ಚರ್ಚಿನಲ್ಲಿ ಮಣ್ಣಾಗಿದ್ದಾನೆ ಎರಡನೇ ಅರ್ನುಲ್ಫ್. ತಂದೆ ರಾಜ, ತಾಯಿ ಮಾತ್ರ ಮದುವೆಯಾದ ರಾಣಿಯಲ್ಲ. ಆದರೂ ಕೈಲಾಗದ ಚಿಕ್ಕಪ್ಪನನ್ನು 887ರಲ್ಲಿ ಇಳಿಸಿ ತಾನೇ ದೊರೆಯಾದ. 891ರಲ್ಲಿ ಲೂವೆನ್ ಬಳಿ ವೈಕಿಂಗರನ್ನು ಸೋಲಿಸಿದ. 896ರಲ್ಲಿ ರೋಮಿನಲ್ಲಿ ಚಕ್ರವರ್ತಿಯ ಕಿರೀಟ.

ಮೂರನೆಯವನು ಬವೇರಿಯಾದ ದೊರೆ ಅರ್ನುಲ್ಫ್. ಹಂಗೇರಿಯವರ ದಾಳಿ ತಡೆಯಲು ಸೈನ್ಯ ಬೇಕಿತ್ತು, ಅದಕ್ಕೆ ಮಠಗಳ ಜಮೀನು ಕಿತ್ತುಕೊಂಡ. ಸನ್ಯಾಸಿಗಳು ಅವನನ್ನು 'ಕೆಟ್ಟ ಅರ್ನುಲ್ಫ್' ಎಂದು ಬರೆದಿಟ್ಟರು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ಪುಸ್ತಕ ಯಾರ ಕೈಯಲ್ಲಿದೆ ಎಂಬುದನ್ನೂ ನೋಡಬೇಕು ಎನ್ನುತ್ತೇನೆ.

"ನೋಡಿದೆಯಾ, ಯಾರೂ ಬೆಲೆ ಕೊಡದ ಹೆಸರು ಹೊತ್ತವನೇ ಚಕ್ರವರ್ತಿಯಾದ" ಎಂದೆ, ಸ್ವಲ್ಪ ಜಂಬದಿಂದಲೇ.

"ಅವನ ಮಗನ ಹೆಸರೇನು ತಾತ?"

ಸುಳ್ಳು ಹೇಳಲಾಗಲಿಲ್ಲ. "ಲುಡ್ವಿಗ್. 900ರಲ್ಲಿ ಪಟ್ಟ ಕಟ್ಟಿದಾಗ ಆರು ವರ್ಷದ ಹುಡುಗ."

"ಅಂದರೆ ಅವನೂ ಪಟ್ಟಕ್ಕೆ ಬರುವವನಿಗೆ ತನ್ನ ಹೆಸರು ಕೊಡಲಿಲ್ಲ!" ಎಂದು ಹುಡುಗ ನಕ್ಕ. ನಾನೂ ನಕ್ಕೆ. ವಾಪಸಾಗುವಾಗ ರೈಲಿನ ಕಿಟಕಿಯ ಮಂಜಿನ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದ. ಬಗ್ಗಿ ನೋಡಿದೆ. ಕನ್ನಡದಲ್ಲಿ, ನಮ್ಮಿಬ್ಬರ ಹೆಸರು. ಒತ್ತಕ್ಷರ ತಪ್ಪಾಗಿತ್ತು, ತಿದ್ದಲಿಲ್ಲ.